ತಪಾಸಣೆಯ ದಿನದ ರೋಗಿಗಳು

ನರ್ಸಿಂಗ್ ಕಾಲೇಜುಗಳನ್ನು ತಪಾಸಣೆ ಮಾಡಿ ಮಾನ್ಯತೆ ದಯಪಾಲಿಸುವ ಮಾನ್ಯರೇ,

ಕಳೆದ ಜುಲೈನಲ್ಲಿ ತಾವು ನಮ್ಮ ಕಾಲೇಜಿನ ಆಸ್ಪತ್ರೆಗೆ ದಯಮಾಡಿಸಿದಾಗ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದ ಹುಡುಗಿಯೊಬ್ಬಳು ತಮ್ಮನ್ನು ನೀರು ಕೇಳಿದಳು. ತಾವು ನಕ್ಕು ಮುಂದೆ ಹೋದಿರಿ. ಅವಳು ನಟಿಸುತ್ತಿರಲಿಲ್ಲ. ಹೆಂಗಸರ ವಾರ್ಡಿನಲ್ಲಿ ಆ ಹೊತ್ತು ನಟಿಸದೆ ಇದ್ದವಳು ಅವಳೊಬ್ಬಳೇ. ಅದನ್ನು ತಮ್ಮ ಗಮನಕ್ಕೆ ತರುವುದು ಹೇಗೆಂದು ಇಷ್ಟು ದಿನ ಯೋಚಿಸಿದೆ. ಕಾಲೇಜಿನ ಮೂಲಕ ಬರೆದರೆ ಅದು ಕಾಲೇಜಿನಲ್ಲೇ ಉಳಿಯುತ್ತದೆ. ತಮ್ಮ ಕಚೇರಿಗೆ ಬರೆದರೆ ತಮ್ಮ ಕಚೇರಿಯಲ್ಲೇ ಉಳಿಯುತ್ತದೆ. ಹಾಗಾಗಿ ಎಲ್ಲರೂ ಓದುವಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ನಾನು ಬಿ.ಎಸ್‌ಸಿ. ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಮನೆ ಚಾಮರಾಜಪೇಟೆ; ಕಾಲೇಜಿಗೆ ನಡೆದೇ ಹೋಗುತ್ತೇನೆ. ನಮ್ಮ ಕಾಲೇಜು ಮತ್ತು ಅದಕ್ಕೆ ಸೇರಿದ ಆಸ್ಪತ್ರೆ ಎರಡೂ ಇರುವುದು ಬಸವನಗುಡಿಯಲ್ಲಿ, ಒಂದು ಕಾಲದಲ್ಲಿ ಮದುವೆ ಛತ್ರವಾಗಿದ್ದ ಕಟ್ಟಡದಲ್ಲಿ. ಊಟದ ಹಾಲ್ ಈಗ ಜನರಲ್ ವಾರ್ಡು. ನಡುವೆ ಒಂದು ಹಸಿರು ಪರದೆ: ಆಚೆ ಗಂಡಸರು, ಈಚೆ ಹೆಂಗಸರು. ವಧುವಿನ ಕೋಣೆ ಐ.ಸಿ.ಯು. ಹಾಸಿಗೆಗಳಿಗೆ ಏನೂ ಕೊರತೆಯಿಲ್ಲ. ಕೊರತೆ ಇರುವುದು ಅವುಗಳ ಮೇಲೆ ಮಲಗಬೇಕಾದವರದು. ಬಸವನಗುಡಿಯ ಜನ ಬುದ್ಧಿವಂತರು, ಕಾಯಿಲೆ ಬಿದ್ದರೆ ನಮ್ಮ ಬಾಗಿಲ ಮುಂದೆಯೇ ಹಾದು ಬೇರೆ ಕಡೆಗೆ ಹೋಗುತ್ತಾರೆ.

ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುವುದು ಹೇಗೆ ಎಂದು ತಾವು ಎಂದೂ ಕೇಳಿಲ್ಲವಾದರೂ ಹೇಳುತ್ತೇನೆ. ರಬ್ಬರಿನ ತೋಳೊಂದಿದೆ. ನಮಗಿಂತ ಹಿಂದಿನ ಹಲವು ಬ್ಯಾಚುಗಳು ಚುಚ್ಚಿ ಚುಚ್ಚಿ ಅದು ಜರಡಿಯಾಗಿದೆ. ಎಲ್ಲಿ ಸೂಜಿ ಹಾಕಿದರೂ ನರ ಸಿಗುತ್ತದೆ. ಉಳಿದ ದಿನಗಳಲ್ಲಿ ಬಿ.ಎಂ.ಟಿ.ಸಿ. ಬಸ್ ಹಿಡಿದು ಬೇರೆ ಬೇರೆ ಆಸ್ಪತ್ರೆಗಳಿಗೆ ಹೋಗುತ್ತೇವೆ. ಅಲ್ಲಿ ನಮ್ಮಂತೆಯೇ ರೋಗಿಗಳನ್ನು ಹುಡುಕಿಕೊಂಡು ಬಂದ ಇನ್ನೂ ಮೂರು ಕಾಲೇಜಿನವರಿರುತ್ತಾರೆ. ಒಬ್ಬ ಅಜ್ಜನ ತೋಳಿಗೆ ಸರದಿಯಲ್ಲಿ ನಿಂತು ಬಿ.ಪಿ. ಪಟ್ಟಿ ಸುತ್ತುತ್ತೇವೆ. ಕೊನೆಯವಳ ಸರದಿ ಬರುವ ಹೊತ್ತಿಗೆ ಅಜ್ಜನ ಬಿ.ಪಿ. ನಿಜವಾಗಿಯೂ ಏರಿರುತ್ತದೆ. ಅಲ್ಲಿನ ಸಿಸ್ಟರ್‌ಗಳಿಗೆ ನಮಗೆ ಕಲಿಸಲು ಪುರುಸೊತ್ತಿಲ್ಲ, ಬೈಯಲು ಮಾತ್ರ ಇದೆ. ಡಾಕ್ಟರು ಬಂದರೆ ಗೋಡೆಗೆ ಅಂಟಿ ನಿಲ್ಲುತ್ತೇವೆ. ಇಷ್ಟೆಲ್ಲ ಆದಮೇಲೂ ನಮಗೆ ಸಂಪೂರ್ಣವಾಗಿ ಕೈವಶವಾಗಿರುವ ವಿದ್ಯೆಯೆಂದರೆ ಬೆಡ್‌ಶೀಟಿನ ಮೂಲೆ ಮಡಚುವುದು.

ಈಗ ತಪಾಸಣೆಯ ದಿನಕ್ಕೆ ಬರೋಣ. ತಮ್ಮ ಭೇಟಿ ಗುಟ್ಟಾಗಿರಬೇಕಂತೆ. ನಮ್ಮ ಕಾಲೇಜಿನ ಎದುರಿನ ಎಳನೀರಿನವನಿಗೂ ಅದು ಒಂದು ವಾರ ಮೊದಲೇ ಗೊತ್ತಿತ್ತು. ಬೆಳಿಗ್ಗೆ ವೈಸ್ ಪ್ರಿನ್ಸಿಪಾಲ್ ಶಕುಂತಲಮ್ಮ ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿ ರೋಗ ಹಂಚಿದರು. ದಪ್ಪಗಿದ್ದವರಿಗೆ ಸಕ್ಕರೆ ಕಾಯಿಲೆ, ಸಣ್ಣಗಿದ್ದವರಿಗೆ ಟಿ.ಬಿ. ಕಾಲೇಜು ಬಸ್ಸಿನ ಡ್ರೈವರ್ ಹೃದ್ರೋಗಿಯಾಗಿ ಪರದೆಯ ಆಚೆ ಮಲಗಿದರು. ನನಗೆ ಬಂದದ್ದು ಅಪಘಾತ: ತಲೆಗೆ ದೊಡ್ಡ ಬ್ಯಾಂಡೇಜು, ಎಡಗಾಲಿಗೆ ಮೊಣಕಾಲಿನವರೆಗೆ ಪಟ್ಟಿ, ಹಣೆಯ ಬಳಿ ಒಂದಿಷ್ಟು ಟಿಂಕ್ಚರ್.

ನನ್ನ ಗೆಳತಿ ಶಿವಕುಮಾರಿ ಹಾಸ್ಟೆಲಿನಲ್ಲಿರುವವಳು, ಶಿರಾ ಕಡೆಯ ಹುಡುಗಿ. ಎರಡು ದಿನದಿಂದ ಅವಳಿಗೆ ಸುಡುವ ಜ್ವರ. ತಪಾಸಣೆ ಮುಗಿಯುವವರೆಗೆ ಹಾಸ್ಟೆಲಿನಿಂದ ಯಾರೂ ಹೊರಗೆ ಹೋಗುವಂತಿರಲಿಲ್ಲವಾದ್ದರಿಂದ ಮಾತ್ರೆ ನುಂಗಿಕೊಂಡು ಮಲಗಿದ್ದಳು. ಆ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದು ಮೇಡಂ ಮುಂದೆ ನಿಂತಳು.

"ಮೇಡಂ, ನಂಗೆ ನಿಜವಾಗ್ಲೂ ಜ್ವರ ಬಂದಿದೆ. ನಿಲ್ಲಕ್ಕಾಗ್ತಿಲ್ಲ. ಡಾಕ್ಟ್ರಿಗೆ ತೋರಿಸ್ಬೇಕು."

ಮೇಡಂ ಅವಳ ಕೆನ್ನೆ ಮುಟ್ಟಿ ನೋಡಿದರು. ಮುಖ ಅರಳಿತು. "ಹೌದಲ್ಲೇ! ಒಳ್ಳೇದೇ ಆಯ್ತು ಬಿಡು, ನೀನು ಫೀವರ್ ಕೇಸ್ ಆಗು. ನಿಂಗೆ ಆಕ್ಟಿಂಗೂ ಬೇಡ. ಇನ್ಸ್‌ಪೆಕ್ಷನ್ ಮುಗೀಲಿ, ಆಮೇಲೆ ತೋರ್ಸೋಣ."

ಹೀಗೆ ಕಾಯಿಲೆ ಬಿದ್ದ ಹುಡುಗಿಯನ್ನು ಆಸ್ಪತ್ರೆಯಲ್ಲೇ ಮಲಗಿಸಲಾಯಿತು. ಮಾಡಬೇಕಾದದ್ದೂ ಅದೇ ಅಲ್ಲವೇ? ತಲೆಯ ಮೇಲೆ ಡ್ರಿಪ್ ಬಾಟಲಿ ತೂಗುಹಾಕಿದರು. ಒಳಗೆ ಇದ್ದದ್ದು ನಲ್ಲಿ ನೀರು. ಅದರ ಪೈಪನ್ನು ಅವಳ ಕೈಗೆ ಪ್ಲಾಸ್ಟರಿನಿಂದ ಅಂಟಿಸಿದರು, ಸೂಜಿ ಇರಲಿಲ್ಲ. ಪಕ್ಕದಲ್ಲಿ ಹೊಸದಾಗಿ ಬಣ್ಣ ಬಳಿದ ಆಕ್ಸಿಜನ್ ಸಿಲಿಂಡರ್, ಅದು ಖಾಲಿ. ಡಾಕ್ಟರುಗಳೇನೋ ನಿಜವಾದವರೇ, ಆದರೆ ಆ ದಿನಕ್ಕೆ ಮಾತ್ರ ಬಂದವರು. ಅವರೆಲ್ಲ ಬಾಗಿಲಲ್ಲಿ ಹೂಗುಚ್ಛ ಹಿಡಿದು ತಮ್ಮ ದಾರಿ ಕಾಯುತ್ತಿದ್ದರು.

ಆ ವಾರ್ಡಿನಲ್ಲಿ ನಿಜವಾಗಿ ದಾಖಲಾಗಿದ್ದ ರೋಗಿ ಒಬ್ಬರಿದ್ದರು. ಬಳೇಪೇಟೆಯ ಸಗಟು ಅಂಗಡಿಯಲ್ಲಿ ಗಾಡಿ ತಳ್ಳುವ ವೆಂಕಟಪ್ಪ. ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬಂದವರನ್ನು ತಪಾಸಣೆಗಾಗಿಯೇ ಬಿಡದೆ ಇರಿಸಿಕೊಂಡಿದ್ದರು. ಪರದೆಯ ಸಂದಿಯಿಂದ ನನ್ನನ್ನು ನೋಡಿ ಅವರು ದಂಗಾದರು.

"ಏನಮ್ಮಾ ಇದು? ನಿನ್ನೆ ಸಂಜೆ ನನ್ ಕಾಲಿಗೆ ಪಟ್ಟಿ ಕಟ್ದೋಳು ನೀನೇ ಅಲ್ವಾ? ಬೆಳಗಾಗೋದ್ರಲ್ಲಿ ಕಾಲ್ ಮುರ್ಕಂಡ್ಯಾ?"

"ಸುಮ್ನಿರಿ ಅಣ್ಣಾ, ದೊಡ್ಡೋರು ಬರ್ತಿದಾರೆ," ಅಂದೆ.

ತಾವು ಬಂದಿರಿ. ಹಾಸಿಗೆಯಿಂದ ಹಾಸಿಗೆಗೆ, ಮದುವೆಯಲ್ಲಿ ಪಂಕ್ತಿ ವಿಚಾರಿಸುವ ಬೀಗರ ಹಾಗೆ ಗಂಭೀರವಾಗಿ ನಡೆದುಬಂದಿರಿ. ಶಿವಕುಮಾರಿಯ ಬಳಿ ನಿಂತು, "ಏನಮ್ಮಾ, ಹೇಗಿದೀಯಾ?" ಎಂದು ಕೇಳಿದಿರಿ. ತಮ್ಮ ದನಿಯಲ್ಲಿ ಕರುಣೆ ಇತ್ತು, ಸುಳ್ಳು ಹೇಳಲಾರೆ. ಉಳಿದ ರೋಗಿಗಳೆಲ್ಲ ಹೇಳಿಕೊಟ್ಟ ಹಾಗೆ "ಈಗ ವಾಸಿ ಸರ್, ಚೆನ್ನಾಗಿ ನೋಡ್ಕೋತಾರೆ" ಎಂದಿದ್ದರು. ಇವಳು ಕಣ್ಣು ಬಿಟ್ಟು ಹೇಳಿದಳು, "ಸರ್, ತಲೆ ಸಿಡೀತಿದೆ. ಹೊಟ್ಟೆ ತುಂಬಾ ನೋಯ್ತಿದೆ. ಒಂಚೂರು ನೀರು ಕೊಡ್ಸಿ ಸರ್."

ನಾನು ಎದ್ದು ಕುಳಿತೆ. "ಸರ್, ಅವಳಿಗೆ ನಿಜವಾಗ್ಲೂ ಹುಷಾರಿಲ್ಲ. ಅವಳು…"

ಶಕುಂತಲಮ್ಮ ಮೇಡಂ ನನ್ನ ಭುಜ ಒತ್ತಿ ಮಲಗಿಸಿದರು. "ತಲೆಗೆ ಪೆಟ್ಟು ಬಿದ್ದಿದೆ ಸರ್ ಇವ್ಳಿಗೆ. ಏನೇನೋ ಮಾತಾಡ್ತಾಳೆ."

ಆಗ ತಾವು ನಕ್ಕಿರಿ. ಪ್ರಿನ್ಸಿಪಾಲರ ಕಡೆ ತಿರುಗಿ ಒಂದು ಮಾತು ಹೇಳಿದಿರಿ: "ಪರವಾಗಿಲ್ಲ, ನಿಮ್ ಹುಡುಗೀರ್ನ ಚೆನ್ನಾಗೇ ತಯಾರು ಮಾಡಿದೀರ."

ಸ್ವಾಮಿ, ಆ ಮಾತನ್ನು ನಾನು ಎಷ್ಟೋ ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ನೀರು ಕೇಳಿದ ರೋಗಿಯ ಎದುರು ನಿಂತು ಯಾವ ಅಧಿಕಾರಿ ಹೀಗೆ ಹೇಳುತ್ತಾರೆ? ತಾವು ನೋಡಿದ್ದು ರೋಗಿಗಳನ್ನೇ ಆಗಿದ್ದರೆ "ಹುಡುಗೀರು" ಎಲ್ಲಿಂದ ಬಂದರು? ತಮಗೆ ಮೋಸ ಮಾಡಿದ್ದಾರೆಂದು ನನಗೆ ಮೊದಲು ತಮ್ಮ ಬಗ್ಗೆ ಅಯ್ಯೋ ಎನಿಸಿತ್ತು. ಆ ಒಂದು ವಾಕ್ಯದಿಂದ ತಾವು ನನ್ನ ಆ ಕನಿಕರವನ್ನೂ ಕಳೆದುಕೊಂಡಿರಿ. ತಮಗೆ ಎಲ್ಲವೂ ಗೊತ್ತಿತ್ತು. ನಾಟಕ ತಮಗೆ ತೋರಿಸಲೆಂದು ನಡೆಯುತ್ತಿದೆ ಎಂದುಕೊಂಡಿದ್ದೆವು. ತಾವೂ ಪಾತ್ರಧಾರಿಗಳೇ ಎಂದು ತಿಳಿದಿರಲಿಲ್ಲ. ನಮ್ಮೆಲ್ಲರಿಗಿಂತ ಚೆನ್ನಾಗಿ ಅಭಿನಯಿಸಿದವರು ತಾವೇ, ಅಭಿನಂದನೆಗಳು.

ತಾವು ಊಟಕ್ಕೆಂದು ಮೇಲಿನ ಮಹಡಿಗೆ ಹೋದಿರಿ. ಹೋಳಿಗೆಗೆ ಹಾಕಿದ ತುಪ್ಪದ ವಾಸನೆ ವಾರ್ಡಿನವರೆಗೆ ಇಳಿದುಬಂತು. ತಾವು ಕೈತೊಳೆಯುವವರೆಗೆ ರೋಗಿಗಳು ಯಾರೂ ಏಳಕೂಡದೆಂದು ಆಜ್ಞೆಯಾಗಿತ್ತು. ನಾನು ಎದ್ದೆ. ನನ್ನ ಬಾಟಲಿಯ ನೀರು ಕುಡಿಸಿದರೆ ಶಿವಕುಮಾರಿ ಅದನ್ನೂ ವಾಂತಿ ಮಾಡಿದಳು. ಬೆಳಿಗ್ಗೆ ಕೆಂಡದಂತಿದ್ದ ಕೈ ಈಗ ತಣ್ಣಗಿತ್ತು, ಬೆವರುತ್ತಿತ್ತು. ಜ್ವರ ಇಳಿಯಿತೆಂದು ಪಕ್ಕದ ಟಿ.ಬಿ. ರೋಗಿ ಸಮಾಧಾನ ಹೇಳಿದಳು. ನಾನು ನಾಡಿ ಹಿಡಿದೆ. ಸಿಗಲೊಲ್ಲದು. ನಾನೇ ಸರಿಯಾಗಿ ಹಿಡಿದಿಲ್ಲವೋ, ಅಥವಾ ನಿಜಕ್ಕೂ ನಾಡಿ ಇಲ್ಲವೋ? ಇಷ್ಟು ವರ್ಷ ಓದಿದ ಮೇಲೂ ಅದು ನನಗೆ ಗೊತ್ತಾಗಲಿಲ್ಲ. ಆ ಕ್ಷಣದ ಭಯವನ್ನು ತಾವು ಯಾವ ಕಾಲಂನಲ್ಲಿ ದಾಖಲಿಸುತ್ತೀರೋ ಕಾಣೆ.

ಅಷ್ಟರಲ್ಲಿ ವೆಂಕಟಪ್ಪನವರು ಕುಂಟಿಕೊಂಡು ಪರದೆ ಸರಿಸಿ ಬಂದರು. "ಏನ್ ನೋಡ್ತಾ ಕೂತಿದೀಯಮ್ಮಾ, ಆ ಮಗು ಮಕ ನೋಡು, ಬಿಳುಚ್ಕಂಡದೆ! ಎತ್ತು, ಎತ್ತು. ಇದನ್ನ ಆಸ್ಪತ್ರೆಗೆ ಕರ್ಕೊಂಡೋಗು!"

ನಾವಿದ್ದದ್ದು ಆಸ್ಪತ್ರೆಯಲ್ಲೇ. ಆದರೆ ಅವರ ಮಾತಿನಲ್ಲಿ ತಪ್ಪಿದೆಯೆಂದು ಅಲ್ಲಿದ್ದ ಯಾರಿಗೂ ಅನಿಸಲಿಲ್ಲ.

ಹೃದ್ರೋಗಿ ಡ್ರೈವರ್ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದರು. ಬಸ್ಸಿನ ಕೀಲಿ ಆಫೀಸಿನಲ್ಲಿತ್ತು. ವೆಂಕಟಪ್ಪ ರಸ್ತೆಯ ನಡುವೆ ನಿಂತು ಆಟೋ ನಿಲ್ಲಿಸಿದರು. ಮಾರ್ಕೆಟ್ ಬಳಿಯ ದೊಡ್ಡಾಸ್ಪತ್ರೆಗೆ ಹೋದೆವು. ಎಮರ್ಜೆನ್ಸಿ ಬಾಗಿಲಲ್ಲಿ ವಾರ್ಡ್‌ಬಾಯ್ ಸ್ಟ್ರೆಚರ್ ತಂದು ನನ್ನನ್ನು ಮಲಗಿಸಲು ನೋಡಿದ. ತಲೆಗೆ ಬ್ಯಾಂಡೇಜು, ಕಾಲಿಗೆ ಪಟ್ಟಿ, ಹಣೆಯಲ್ಲಿ ಟಿಂಕ್ಚರ್. ತಪ್ಪು ಅವನದಲ್ಲ. "ನನಗಲ್ಲ, ಇವಳಿಗೆ, ಇವಳಿಗೆ!" ಎಂದು ಕಿರುಚಿದೆ. ಓಡಿಬಂದ ನರ್ಸ್ ನನ್ನ ಮುಖ ನೋಡಿ ಅಲ್ಲೇ ನಿಂತರು. ನಮ್ಮದೇ ಕಾಲೇಜಿನಲ್ಲಿ ಹಿಂದಿನ ವರ್ಷ ಓದಿ ಮುಗಿಸಿದ ಪೂಜಿತಾ ಅಕ್ಕ.

"ರಂಜಿನಿ? ಏನೇ ಇದು ಅವತಾರ?" ಎಂದವರೇ, ಉತ್ತರಕ್ಕೂ ಕಾಯದೆ, "ಓ… ಇನ್ಸ್‌ಪೆಕ್ಷನ್ನಾ?" ಎಂದರು.

ಶಿವಕುಮಾರಿಗೆ ಡೆಂಗಿ. ರಕ್ತದೊತ್ತಡ ಕುಸಿದಿತ್ತು. ಪೂಜಿತಾ ಅಕ್ಕ ಸೂಜಿ ಹಾಕಲು ಹೋದರು, ನರ ಸಿಗಲಿಲ್ಲ. ಇನ್ನೊಂದು ಕೈಯಲ್ಲೂ ಸಿಗಲಿಲ್ಲ. ಹಿರಿಯ ಸಿಸ್ಟರ್ ಒಬ್ಬರು ಅವರನ್ನು ಪಕ್ಕಕ್ಕೆ ಸರಿಸಿ, "ಏನ್ ಕಲ್ಸಿದಾರಮ್ಮಾ ನಿಮ್ಗೆ ಕಾಲೇಜಲ್ಲಿ?" ಎನ್ನುತ್ತಾ ತಾವೇ ಹಾಕಿದರು. ಡ್ರಿಪ್ ಹನಿಯಲು ಶುರುವಾಯಿತು. ಈ ಸಲ ಬಾಟಲಿಯಲ್ಲಿ ಸಲೈನೇ ಇತ್ತು.

ಸಂಜೆ, ಶಿವಕುಮಾರಿಯ ಬಿ.ಪಿ. ಮೇಲೆ ಬಂದ ಮೇಲೆ, ಪೂಜಿತಾ ಅಕ್ಕ ಕಾರಿಡಾರಿನಲ್ಲಿ ನನ್ನ ಪಕ್ಕ ಕುಸಿದು ಕುಳಿತರು. ಕಣ್ಣು ಕೆಂಪಗಾಗಿತ್ತು.

"ನಮ್ ವರ್ಷ ನಾನು ಬಾಣಂತಿ ಆಗಿದ್ದೆ ಕಣೆ. ತೊಟ್ಟಿಲಲ್ಲಿ ಪ್ಲಾಸ್ಟಿಕ್ ಗೊಂಬೆ ಇಟ್ಟಿದ್ರು. ಎಲ್ರೂ ಎಷ್ಟು ನಕ್ಕಿದ್ವಿ ಗೊತ್ತಾ! ಇಲ್ಲಿಗೆ ಬಂದ ಮೊದಲನೇ ವಾರ ನಿಜವಾದ ಕೂಸು ಕೈಗೆ ಕೊಟ್ರು. ಹಿಡ್ಕೊಳ್ಳೋದು ಹೇಗೆ ಅಂತಾನೇ ಗೊತ್ತಾಗ್ಲಿಲ್ಲ ನಂಗೆ. ಅವತ್ತಿಂದ ನಗು ಬಂದಿಲ್ಲ."

ಮಾನ್ಯರೇ, ತಾವು ಮಾನ್ಯತೆ ಕೊಟ್ಟ ಶಿಕ್ಷಣದ ಫಲ ಇದು. ಹೊಸ ನರ್ಸುಗಳು ನಿಧಾನ, ಹೊಸಬರಿಗೆ ಚುಚ್ಚಲು ಬರುವುದಿಲ್ಲ, ಹೊಸಬರು ಮಾತೆತ್ತಿದರೆ ಅಳುತ್ತಾರೆ ಎಂದು ಊರೆಲ್ಲ ದೂರುತ್ತದೆ. ದೂರು ನಿಜ. ಅಳುವುದೂ ನಿಜ. ವಾರ್ಡಿನಲ್ಲಿ ಇಬ್ಬರು ಇರಬೇಕಾದ ಕಡೆ ಒಬ್ಬಳೇ ನಿಂತು, ಡಾಕ್ಟರಿಂದಲೂ ರೋಗಿಯ ಕಡೆಯವರಿಂದಲೂ ಬೈಸಿಕೊಂಡು, ಕಲಿಯಬೇಕಾದದ್ದನ್ನು ಜೀವ ಹೋಗುತ್ತಿರುವವರ ಮೈಮೇಲೆ ಕಲಿಯುತ್ತಿರುವವಳು ಅಳದೆ ಇನ್ನೇನು ಮಾಡಬೇಕು? ತಮಗೆ ಹೋಳಿಗೆ ಬಡಿಸಬೇಕೇ?

ಶಿವಕುಮಾರಿ ಬದುಕಿದಳು. ಆಸ್ಪತ್ರೆಯಲ್ಲಿ ಒಂದು ವಾರ, ಊರಿನಲ್ಲಿ ಎರಡು ವಾರ. ತಿರುಗಿ ಬಂದಾಗ ಅವಳಿಗೆ ಎರಡು ಸುದ್ದಿ ಕಾದಿದ್ದವು. ಮೊದಲನೆಯದು, ಸಂಸ್ಥೆಗೆ ಮಾನ್ಯತೆ ಮುಂದುವರಿದಿದೆ, ಸೀಟುಗಳೂ ಹೆಚ್ಚಾಗಿವೆ; ಗೇಟಿನಲ್ಲಿ ಬ್ಯಾನರ್. ಎರಡನೆಯದು, ಅವಳ ಹಾಜರಾತಿ ಕಡಿಮೆಯಾಗಿದೆ, ಪರೀಕ್ಷೆಗೆ ಕೂರುವಂತಿಲ್ಲ. ಕಾಯಿಲೆಯ ದಿನಗಳು ಹೋಗಲಿ, ತಪಾಸಣೆಯ ದಿನಕ್ಕೂ ಗೈರು ಹಾಕಿದ್ದರು. ಕೇಳಲು ಹೋದಾಗ ಶಕುಂತಲಮ್ಮ ಮೇಡಂ ಬೇಸರದಿಂದಲೇ ಹೇಳಿದರು: "ಅವತ್ತು ಹಾಜರಿದ್ಲು ಅಂತ ಬರೆದ್ರೆ ಎಲ್ಲಿದ್ಲು ಅಂತಾನೂ ಬರೀಬೇಕಲ್ಲಮ್ಮ. ನನ್ ಕೈಲಿ ಏನಿದೆ ಹೇಳು?" ಅವರೂ ಸಂಬಳಕ್ಕೆ ದುಡಿಯುವವರು. ನನ್ನನ್ನೂ ಕರೆದು, ತಪಾಸಣೆಯ ನಡುವೆ ಎದ್ದು ಹೋಗಿ ಶಿಸ್ತು ಮುರಿದದ್ದಕ್ಕೆ ಕ್ಷಮಾಪಣೆ ಪತ್ರ ಬರೆದುಕೊಡಲು ಹೇಳಿದರು. ನಾನು ಕೊಡಲಿಲ್ಲ.

ಕಾಲೇಜು ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಮುಚ್ಚಿದರೆ ಬೀದಿಗೆ ಬೀಳುವವರು ನಾವು. ಕಟ್ಟಡಕ್ಕೆ ಮತ್ತೆ ಛತ್ರವಾಗುವ ಅನುಕೂಲವಾದರೂ ಇದೆ. ನಾನು ಕೇಳುವುದು ಇಷ್ಟು: ಶಿವಕುಮಾರಿಯ ಆ ದಿನಗಳನ್ನು ಹಾಜರಾತಿಯೆಂದು ಪರಿಗಣಿಸಿ ಅವಳನ್ನು ಈ ಪರೀಕ್ಷೆಗೆ ಕೂರಿಸಬೇಕು. ನಮ್ಮನ್ನು ರೋಗಿಗಳಿರುವ ಆಸ್ಪತ್ರೆಯೊಂದಕ್ಕೆ ಸೇರಿಸಿ, ಕೈಹಿಡಿದು ಕಲಿಸುವವರ ಕೆಳಗೆ ಕಲಿಯಲು ಬಿಡಬೇಕು. ಮತ್ತು ತಾವು ಇನ್ನೊಮ್ಮೆ ಬರಬೇಕು. ಯಾವುದಾದರೂ ಮಾಮೂಲಿ ಮಂಗಳವಾರ, ಯಾರಿಗೂ ಹೇಳದೆ, ಮನೆಯಲ್ಲೇ ಊಟ ಮುಗಿಸಿಕೊಂಡು.

ಈ ಪತ್ರದಲ್ಲಿ ಅವಳ ಹೆಸರನ್ನು ಮರೆಮಾಚುತ್ತೇನೆಂದು ಶಿವಕುಮಾರಿಗೆ ಹೇಳಿದ್ದೆ. ಅವಳು ಒಪ್ಪಲಿಲ್ಲ.

"ಹಾಕು ಕಣೆ," ಅಂದಳು. "ಅವತ್ತು ಅಷ್ಟು ಹೊತ್ತು ನಿಂತಿದ್ರಲ್ಲ, ನನ್ ಹೆಸ್ರೇನು ಅಂತ ಅವರು ಕೇಳ್ಲೇ ಇಲ್ಲ."

ಇಂತಿ,
ಇದು ಅಚ್ಚಾದ ಮೇಲೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪಾಸಾಗುವ ಆಸೆಯನ್ನು ಅಷ್ಟಾಗಿ ಇಟ್ಟುಕೊಂಡಿರದ
ರಂಜಿನಿ, ಚಾಮರಾಜಪೇಟೆ