ನೀಲಿ ಟೋಪಿ

ಅಪ್ಪಾ,

ಬಾಡಿಗೆ ಡ್ರೈವರ್ ಬರಲಿಲ್ಲ. ನೀನು ಹೋದಮೇಲೆ ಮೊದಲ ಸಲ ಇವತ್ತು ಹೊಲವನ್ನು ನಾನೇ ಉತ್ತೆ. ನಿನ್ನದೇ ಟ್ರಾಕ್ಟರ್, ನಿನ್ನದೇ ನೀಲಿ ಟೋಪಿ. ಅರ್ಧ ಹೊಲ ಮುಗಿಸಿ, ನಿನ್ನ ಹಾಗೆ ಹಿಂತಿರುಗಿ ನೋಡಿದೆ. ಒಂದೇ ಒಂದು ಬೆಳ್ಳಕ್ಕಿ ಇರಲಿಲ್ಲ. ಊಟಕ್ಕೆ ಕರೆದ ನೆಂಟರಂತೆ ನಿನ್ನ ಬೆನ್ನು ಹತ್ತಿ, ಟೋಪಿಯ ಮೇಲೆ ಹಿಕ್ಕೆ ಹಾಕಿ, ಅಮ್ಮನಿಂದ ನಿನಗೆ ಬೈಗುಳ ಕೊಡಿಸುತ್ತಿದ್ದವಲ್ಲ, ಅವು.

ಇಂಜಿನ್ ಆರಿಸಿ ಇಳಿದೆ. ಮಗುಚಿದ ಮಣ್ಣನ್ನು ಮೊಣಕೈವರೆಗೂ ಕೆದಕಿದೆ. ಎರೆಹುಳು ಹಾಗಿರಲಿ, ಒಂದು ಇರುವೆಯೂ ಸಿಗಲಿಲ್ಲ. ಮಣ್ಣು ಔಷಧದಂಗಡಿಯ ಹಾಗೆ ನಾರುತ್ತಿತ್ತು.

ಅಷ್ಟರಲ್ಲಿ ಗೊಬ್ಬರ ಕಂಪನಿಯ ಏಜೆಂಟ್ ಬೈಕ್ ನಿಲ್ಲಿಸಿದ. "ಈ ಸಲಾನೂ ಇಳುವರೀಲಿ ನೀವೇ ಫಸ್ಟ್ ಅಣ್ಣಾ. ನಿಮ್ಮ ಫೋಟೋ ಬೋರ್ಡಿಗೆ ಹಾಕಿಸ್ತೀವಿ" ಎಂದ.

"ಹಕ್ಕಿಗಳೆಲ್ಲ ಎಲ್ಲಿ ಹೋದ್ವು?" ಎಂದು ಕೇಳಿದೆ.

"ಹಕ್ಕಿ ಕಟ್ಕೊಂಡು ಏನ್ ಮಾಡ್ತೀರಿ, ಬಿಡಿ" ಎಂದು ನಕ್ಕ. ಆ ಮಾತು ನಿನಗೆ ಹೊಸದಲ್ಲ; ಅವತ್ತು ನಾನೇ ನಿನಗೆ ಅಂದಿದ್ದೆ.

ಸಂಜೆ ಅಮ್ಮ ಬಾಗಿಲಲ್ಲೇ ಕೈ ಚಾಚಿದಳು. "ಟೋಪಿ ಕೊಡು, ಹಿಕ್ಕೆ ಒಣಗೋದ್ರೊಳಗೆ ನೆನೆಸ್ತೀನಿ."

ಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಯಾಕೋ, ಹೊಲಕ್ಕೆ ಹೋಗಲಿಲ್ವಾ?"