ಚಹಾದಿಂದ ಉಳಿಸಿದ ಗಂಟೆ

ಟಲಾಸ್ ಕಣಿವೆ
ಜನವರಿ 11, 2006

ಪ್ರೀತಿಯ ಲೀದಕ್ಕನಿಗೆ,

ಕರ್ತನಲ್ಲಿ ವಂದನೆಗಳು. ನೀನು ಜರ್ಮನಿಯಿಂದ ಕಳಿಸಿದ ಕ್ರಿಸ್‌ಮಸ್ ಕಾಗದ, ಉಣ್ಣೆಯ ಕಾಲುಚೀಲ ಎರಡೂ ತಲುಪಿದವು. ಇದೂ ಸೇರಿ ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಪುರುಸೊತ್ತು ಬೇಕಾದಷ್ಟಿದೆ. ನಮ್ಮ ಮನೆಯವರು ನವೆಂಬರ್ ಹದಿನೇಳರಂದು ತೀರಿಕೊಂಡರು. ಈ ಒಂದು ವಾಕ್ಯ ಬರೆಯುವುದಕ್ಕೇ ಇಷ್ಟು ದಿನ ಹಿಡಿಯಿತು.

ಶ್ವಾಸಕೋಶದ ಕಾಯಿಲೆ. ಬೇಸಿಗೆಯವರೆಗೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರು, ನಾನೂ ನಂಬಿದ್ದೆ. ಮಣ್ಣು ಮಾಡುವ ಕೆಲಸವನ್ನೆಲ್ಲ ಅವರ ಅಣ್ಣತಮ್ಮಂದಿರೇ ಮುಲ್ಲಾನನ್ನು ಕರೆಸಿ ತಮ್ಮ ಪದ್ಧತಿಯಂತೆ ಮಾಡಿದರು. ಅಂಗಳದಲ್ಲಿ ಕಂಬಳಿ ಗುಡಾರ ಹಾಕಿ, ಓರಗಿತ್ತಿಯರು ಅದರೊಳಗೆ ಕೂತು ಹಾಡಿ ಹಾಡಿ ಅತ್ತರು. ನನಗೆ ಆ ಹಾಡಿನ ಒಂದು ಸಾಲೂ ನೆನಪಿಗೆ ಬರಲಿಲ್ಲ. ಇವಳಿಗೆ ಅಳುವುದಕ್ಕೂ ಪುರುಸೊತ್ತಿಲ್ಲ ಎಂದು ಹಿರಿಯ ಓರಗಿತ್ತಿ ಗೊಣಗಿದಳು. ಕೋಪ ಬರಲಿಲ್ಲ. ಸುಳ್ಳೇನೂ ಹೇಳಲಿಲ್ಲವಲ್ಲ ಅವಳು.

ನಿಮ್ಮ ಮನೆ ಕೊಂಡವರು ಸೇಬಿನ ಮರಗಳನ್ನು ಕಡಿಸಿದ್ದಾರೆ. ನಿಮ್ಮವರೆಲ್ಲ ಜರ್ಮನಿಗೆ ಹೋದ ಮೇಲೆ ನಮ್ಮ ಕ್ರೈಸ್ತ ಸಭೆಯಲ್ಲಿ ಈಗ ಒಂಬತ್ತೇ ಜನ. ಆದರೂ ಹೊಸ ವರ್ಷದ ಲಕೋಟೆಯನ್ನು ಸಭೆಯ ಹಿರಿಯ ಗೆರ್ಹಾರ್ಡಣ್ಣ ಬಿಟ್ಟಿಲ್ಲ. ನೀನೇ ಶುರು ಮಾಡಿದ್ದಲ್ಲವೇ ಅದು? ಕರ್ತನು ಕೊಟ್ಟ ವರ್ಷವನ್ನು ಹೇಗೆ ಕಳೆಯುತ್ತೇವೆಂದು ಚೀಟಿಯಲ್ಲಿ ಬರೆದು, ಅಂಟಿಸಿ ಹಿರಿಯರ ಕೈಗೆ ಕೊಡುವುದು. ಮುಂದಿನ ಜನವರಿ ಒಂದರಂದು ಅವರು ಎಲ್ಲರೆದುರು ಒಡೆದು ಓದಿದಾಗ, ನಡೆಸಿದೆವೋ ಇಲ್ಲವೋ ಎದ್ದು ನಿಂತು ಹೇಳುವುದು.

ಈ ಸಲ ನನ್ನದನ್ನೇ ಮೊದಲು ಒಡೆದರು. ಕನ್ನಡಕ ಏರಿಸಿಕೊಂಡು ಓದಿದರು: "ದಿನಾ ಚಹಾಕ್ಕೆ ಕೂತು ಕಳೆಯುವ ಒಂದು ಗಂಟೆಯನ್ನು ಉಳಿಸಿ ಕರ್ತನ ಸೇವೆಗೆ ಕೊಡುತ್ತೇನೆ."

"ನಡೆಸಿದ್ಯೇನಮ್ಮ, ಬುರುಲ್?" ಎಂದು ಕೇಳಿದರು.

"ನಡೆಸಿದೆ" ಅಂದೆ.

ಎಲ್ಲರೂ ಸ್ತೋತ್ರ ಹೇಳಿದರು. ಒಂಬತ್ತು ಜನರಲ್ಲಿ ಹೇಳಿದ್ದನ್ನು ಪೂರ್ತಿ ನಡೆಸಿದವಳು ನಾನೊಬ್ಬಳೇ.

ನಮ್ಮ ಮನೆಯ ನಾಲ್ಕು ಗಂಟೆಯ ಚಹಾ ನಿನಗೆ ನೆನಪಿರಬೇಕು. ಬಟ್ಟಲಿಗೆ ಎರಡೇ ಗುಟುಕು ಹಾಕಿ ಕೊಡುವುದು, ಕುಡಿದು ಕೊಟ್ಟರೆ ಮತ್ತೆ ಎರಡು ಗುಟುಕು. ಹೀಗೆ ಕೊಡುವುದೆಂದರೆ ಇನ್ನೂ ಕೂತಿರು ಎಂದು ಅರ್ಥ. ತುಂಬಿಸಿ ಕೊಟ್ಟರೆ ಎದ್ದು ಹೋಗು ಎಂದು ಅರ್ಥ. ನಿಮ್ಮ ಮನೆಯಲ್ಲಿ ನೀವು ತುಂಬಿಸಿಯೇ ಕೊಡುತ್ತಿದ್ದಿರಿ, ಲೀದಕ್ಕ ನನ್ನನ್ನು ಓಡಿಸುತ್ತಿದ್ದಾಳೆ ಎಂದು ನಮ್ಮ ಮನೆಯವರು ದಾರಿಯುದ್ದಕ್ಕೂ ನಗುತ್ತಿದ್ದರು. ಹಾಗೆ ಗುಟುಕು ಗುಟುಕಾಗಿ ಒಂದು ಗಂಟೆ ಹೋಗುತ್ತಿತ್ತು. ಲಾರಿಯ ಮಾತು, ಕುರಿಯ ಮಾತು, ಯಾರದೋ ಮದುವೆಯ ಮಾತು. ಕಾಲ ಹಾಳು ಮಾಡಬೇಡ, ಕ್ರೈಸ್ತರಿಗೆ ಒಂದೊಂದು ನಿಮಿಷದ ಲೆಕ್ಕವೂ ಇದೆ ಎಂದು ನೀನು ಹೇಳಿಕೊಟ್ಟಿದ್ದೆಯಲ್ಲ? ಹೋದ ಜನವರಿಯಿಂದ ನಾನು ಒಂದೇ ಬಟ್ಟಲು, ಅಂಚಿನವರೆಗೆ ತುಂಬಿಸಿ ಮುಂದಿಟ್ಟು ಎದ್ದುಬಿಡುತ್ತಿದ್ದೆ. ಮೊದಲ ದಿನ ಅವರು, "ಏನೇ, ನಿನ್ನ ದೇವರು ಗಡಿಯಾರ ಕಟ್ಕೊಂಡಿದಾನಾ?" ಅಂದರು. ಆಮೇಲೆ ದಿನಾ ಒಬ್ಬರೇ ಕುಡಿದರು.

ಉಳಿಸಿದ ಗಂಟೆಯಲ್ಲಿ ಏನು ಮಾಡಿದೆ ಎಂದು ಕೇಳುತ್ತೀಯಾ? ಸಭೆಯ ಹಾಡುಗಳನ್ನೆಲ್ಲ ಕಿರ್ಗಿಜ್ ಭಾಷೆಗೆ ಇಳಿಸಿದೆ, ನಾಲ್ಕು ನೋಟ್‌ಬುಕ್ ತುಂಬಿವೆ. ಕಿರ್ಗಿಜ್ ಬಲ್ಲವರೆಂದು ಸಭೆಯಲ್ಲಿ ಉಳಿದಿರುವವಳು ನಾನೊಬ್ಬಳೇ. ನನ್ನ ಹಾಡನ್ನು ನಾನೇ ಹಾಡಿಕೊಳ್ಳಬೇಕು.

ಹೊಸ ಚೀಟಿ ಕೊಡಲು ಈ ಭಾನುವಾರವೇ ಕೊನೆ. ಈ ವರ್ಷ ಏನು ಬರೆದೆ ಎಂದು ನೀನೂ ಕೇಳಿದ್ದೀಯ. ಹತ್ತು ದಿನದಿಂದ ಖಾಲಿ ಚೀಟಿ ಮುಂದಿಟ್ಟುಕೊಂಡು ಕೂತಿದ್ದೇನೆ. ಇಪ್ಪತ್ತನಾಲ್ಕು ಗಂಟೆಯೂ ಈಗ ನನ್ನದೇ, ಯಾರೂ ಕೂತ್ಕೋ ಅನ್ನುವುದಿಲ್ಲ. ನೀನು ಕಲಿಸಿದ ಪ್ರಕಾರ, ಕರ್ತನನ್ನು ನಂಬದೆ ಸತ್ತ ಅವರು ಈಗ ಎಲ್ಲಿದ್ದಾರೆಂದು ನನಗೆ ಗೊತ್ತು. ಅದು ಗೊತ್ತಿದ್ದೂ ನಾನು ದಿನಾ ರೊಟ್ಟಿ ಮುರಿದು ತಿನ್ನುತ್ತೇನೆ. ನಿನ್ನ ಮೇಲೆ ಸಿಟ್ಟಿದೆ ಲೀದಕ್ಕ. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಚಹಾ ಬಿಡು ಎಂದು ನೀನು ಹೇಳಿರಲಿಲ್ಲ, ಆ ಜಾಣತನ ನನ್ನದೇ.

ನಿನ್ನ ಮೊಮ್ಮಕ್ಕಳನ್ನು ಕರ್ತನು ಕಾಯಲಿ. ನಿನ್ನ ಮಂಡಿನೋವು ಕಡಿಮೆಯಾಗಲಿ. ಹೊಸ ವರ್ಷ ನಿನಗಾದರೂ ಚೆನ್ನಾಗಿರಲಿ.

ನಿನ್ನ ತಂಗಿ,
ಬುರುಲ್

ತಾ.ಕ. ಅಂಟಿಸಿದ್ದ ಈ ಕಾಗದದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನಿನಗೂ ಹೇಳದಿದ್ದರೆ ಇನ್ನು ಯಾರಿಗೆ ಹೇಳಲಿ. ನವೆಂಬರ್ ಹದಿನೇಳು ಗುರುವಾರ, ಹೆಂಗಸರ ಪ್ರಾರ್ಥನೆಯ ದಿನ. ಅವರು ದಿಂಬಿಗೆ ಒರಗಿ ಕೂತಿದ್ದರು. "ಬುರುಲ್, ಇವತ್ತು ಹೋಗ್ಬೇಡ. ಕೂತ್ಕೊಂಡು ನಿನ್ನ ಈಸಾನ ವಿಷಯ ಹೇಳು. ನಿಧಾನಕ್ಕೆ, ಮೊದಲಿಂದ ಹೇಳು" ಅಂದರು. ನಮ್ಮ ಕರ್ತನ ಬಗ್ಗೆ ಅವರ ಬಾಯಿಂದ ಇದೊಂದು ಮಾತು ಬರಲೆಂದು ಹನ್ನೆರಡು ವರ್ಷ ಮೊಣಕಾಲೂರಿದ್ದೆ, ಅಕ್ಕ. ಗಡಿಯಾರ ನೋಡಿದೆ. ನಾಲ್ಕಕ್ಕೆ ಐದು ನಿಮಿಷವಿತ್ತು. ಬಂದ ಮೇಲೆ ಹೇಳುತ್ತೇನೆ ಎಂದು ಬಟ್ಟಲು ತುಂಬಿಸಿ ಮುಂದಿಟ್ಟೆ. ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. "ಆಯ್ತು ಬಿಡು, ಹೊರಡ್ತೀನಿ" ಅಂದರು, ನಗುತ್ತಲೇ. ಪ್ರಾರ್ಥನೆಗೆ ಬಂದವರು ನಾನು, ಕುರುಡಿ ಮಾರಿಯಜ್ಜಿ ಇಬ್ಬರೇ. ಒಲೆಯನ್ನೂ ಹಚ್ಚಿರಲಿಲ್ಲ. ಇನ್ಯಾರಾದರೂ ಬಂದಾರೆಂದು ಐದರವರೆಗೆ ಕಾದೆವು. ನಾನು ಮನೆಗೆ ಬಂದಾಗ ಬಟ್ಟಲು ತುಂಬಿದ್ದು ತುಂಬಿದ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.