ಪ್ರೊಫಿರಕ್ಕನ ಅಂಗಡಿಗೆ ಬಳ್ಳಿ ಅಕ್ಷರ

ಬರ್ಲಾದ್,
9 ಅಕ್ಟೋಬರ್ 2019, ಬುಧವಾರ

ನನ್ನ ಸ್ಮರಾಂದಾ,

ಮಂಡಿನೋವು ಹೇಗಿದೆ? ಫೆರಾರಾದಲ್ಲಿ ಆಗಲೇ ಮಂಜು ಕವಿಯುತ್ತಿದೆ ಅಂದಿದ್ದೆಯಲ್ಲ. ಉಣ್ಣೆಯ ಕಾಲುಚೀಲ ಹಾಕಿಕೋ, ಪೆಟ್ಟಿಗೆಯಲ್ಲಿ ಮಡಿಸಿಟ್ಟರೆ ಪೆಟ್ಟಿಗೆ ಮಾತ್ರ ಬೆಚ್ಚಗಿರುತ್ತದೆ. ನೀನು ನೋಡಿಕೊಳ್ಳುವ ಒತ್ತಾವಿಯಾ ಅಜ್ಜಿ ಸರಿಯಾಗಿ ಊಟ ಮಾಡುತ್ತಾರಾ? ನಿನ್ನನ್ನು ಇನ್ನೂ ತಮ್ಮ ತಂಗಿಯ ಹೆಸರಿನಿಂದಲೇ ಕರೆಯುತ್ತಾರಾ? ನಾನು ಚೆನ್ನಾಗಿದ್ದೇನೆ. ಬದನೆಕಾಯಿ ಸುಟ್ಟು ಜಕುಸ್ಕಾ ಗೊಜ್ಜು ಮಾಡಿ ಹನ್ನೊಂದು ಸೀಸೆ ತುಂಬಿಸಿದ್ದೇನೆ. ತುಸು ಸೀದಿದೆ, ಆದರೂ ತಿನ್ನಬಹುದು.

ನಿನ್ನ ಅಕ್ಕ ಪ್ರೊಫಿರಾ ಏನೇನು ಹೇಳಿದಳೋ, ಈಗ ನನ್ನ ಕಡೆಯದನ್ನೂ ಕೇಳು. ಫೋನಿನಲ್ಲಿ ಹೇಳಿದರೆ ಮೊದಲನೇ ವಾಕ್ಯಕ್ಕೇ ನಗುತ್ತೀಯ, ಅದಕ್ಕೇ ಕಾಗದ. ಕಾರ್ಖಾನೆ ಮುಚ್ಚಿದ ಮೇಲೆ ವೆಬ್‌ಸೈಟ್ ಮಾಡುವುದನ್ನು ಕಲಿಯಲು ಸೇರಿದೆನಲ್ಲ, ಅಲ್ಲಿ ಟೀಚರ್ ಇಲಿಂಕಾ ಅಕ್ಷರಗಳ ಬಗೆ ಹೇಳಿಕೊಟ್ಟಳು. ಅವಳಿಗೆ ಇಪ್ಪತ್ತಾರು ವರ್ಷ, ನಾನು ಲೇತ್ ತಿರುಗಿಸಿದ್ದೇ ಇಪ್ಪತ್ತೆಂಟು ವರ್ಷ! ಗೆರೆಯ ತುದಿಯಲ್ಲಿ ಪುಟ್ಟ ಪಾದ ಇರುವವು ಸೆರಿಫ್, ನಿನ್ನ ಪ್ರಾರ್ಥನಾ ಪುಸ್ತಕದಲ್ಲಿ ಇರುವಂಥವು. ಪಾದವಿಲ್ಲದ ಬೋಳು ಅಕ್ಷರ ಸ್ಯಾನ್ಸ್, ರಸ್ತೆಯ ಬೋರ್ಡಿನಲ್ಲಿರುತ್ತವಲ್ಲ, ಫೋನಿನಲ್ಲೂ ಕಣ್ಣಿಗೆ ಸುಲಭ. ಕೈಬರಹದ ಹಾಗೆ ಬಳ್ಳಿ ಬಿಟ್ಟುಕೊಂಡು ಹೋಗುವವು ಸ್ಕ್ರಿಪ್ಟ್. ಸರ್ಕಸ್ಸಿನ ಪೋಸ್ಟರಿನಲ್ಲಿ ಕುಣಿಯುವಂಥವು ಬರೀ ತಲೆಬರಹಕ್ಕೆ. ಇನ್ನೊಂದು ಬಗೆಯಲ್ಲಿ ಸಣಕಲು 'ಐ'ಗೂ ದಢೂತಿ 'ಎಂ'ಗೂ ಒಂದೇ ಅಗಲ. ಗೇಜು ಹಿಡಿದು ಕಡೆದ ಹಾಗಿದ್ದ ಅದನ್ನು ಕಂಡು ನನ್ನ ಕಣ್ಣು ಒದ್ದೆಯಾಯಿತು. ಇಲಿಂಕಾ, "ತ್ರಯಾನ್ ಮಾವ, ಅದು ಪ್ರೋಗ್ರಾಂ ಬರೆಯೋರಿಗೆ, ಪ್ರೀತಿ ಮಾಡೋಕಲ್ಲ" ಅಂದಳು.

ಆಗ ನಿನ್ನ ಅಕ್ಕ ಗಂಟುಬಿದ್ದಳು. "ನನ್ನ ಹೂವಿನಂಗಡಿಗೂ ಒಂದು ವೆಬ್‌ಸೈಟ್ ಮಾಡಿಕೊಡೋ. ಸ್ಮಶಾನದ ಗೇಟಿನ ಪಕ್ಕ ಇದೀನಿ ಅಂತ ಸಪ್ಪೆ ಮಾಡ್ಬೇಡ, ಚೆಂದ ಇರ್ಬೇಕು!" ಸರಿ, ಚೆಂದಕ್ಕೆ ಇಡೀ ಪುಟವನ್ನೇ ಬಳ್ಳಿ ಅಕ್ಷರದಲ್ಲಿ ಹಾಕಿದೆ. 'ಅಗಲಿದವರಿಗೆ ಹೂವಿನ ಚಕ್ರ' ಅನ್ನುವ ಸಾಲು ಎಷ್ಟು ಸುರುಳಿ ಸುತ್ತಿತೆಂದರೆ ಬರೆದ ನನಗೇ ಓದಲು ಬರಲಿಲ್ಲ. ಮೇಲಾಗಿ ನಮ್ಮ ಭಾಷೆಯ ಬಾಲವಿರುವ 'ಶ' ಆ ಕುಟುಂಬದಲ್ಲಿ ಹುಟ್ಟೇ ಇರಲಿಲ್ಲ. ಅದರ ಜಾಗದಲ್ಲೆಲ್ಲ ಬೇರೆ ಮನೆಯ ಅಕ್ಷರ ಬಂದು ನಿಂತಿತ್ತು, ಫ್ಯಾಮಿಲಿ ಫೋಟೋದಲ್ಲಿ ದಾರಿಹೋಕ ನಿಂತ ಹಾಗೆ.

ಹೋದ ವಾರ ಆಗ್ಲಾಯಾ ಅನ್ನುವ ಹೆಂಗಸು ಆ ಪುಟ ನೋಡಿ ಫೋನ್ ಮಾಡಿದರು. ಶನಿವಾರಕ್ಕೆ, ಸಭಾಂಗಣದ ಬಾಗಿಲಿಗೆ, ಬರೀ ಬಿಳಿ ಹೂವು, ನನ್ನ ಮಗಳಿಗೆ ಅಂದರಂತೆ. ಅಕ್ಕ ಮೆಲ್ಲಗೆ, "ವಯಸ್ಸೆಷ್ಟಮ್ಮಾ?" ಅಂದಳು. "ಇಪ್ಪತ್ನಾಲ್ಕು." "ಅಯ್ಯೋ ದೇವರೇ, ಏನಾಗಿತ್ತು?" "ಇನ್ನೇನಾಗುತ್ತೆ, ಪ್ರೀತಿ!" ಅಕ್ಕ ಫೋನಿಟ್ಟು, ಈ ಕಾಲದ ಮಕ್ಕಳು ಹೀಗ್ಯಾಕೆ ಮಾಡ್ಕೋತಾರೋ ಅಂತ ಅತ್ತಳಂತೆ. ಅಳುತ್ತಲೇ ಆರು ಚಕ್ರ ಕಟ್ಟಿದಳು.

ಶುಕ್ರವಾರ ಮಧ್ಯಾಹ್ನ ಆಗ್ಲಾಯಾ ಮಗಳ ಮದುವೆಯ ಹೂವು ನೋಡಲು ಬಂದರೆ ಎದುರಿಗೆ ಕಪ್ಪು ರಿಬ್ಬನ್ನು, ಅದರ ಮೇಲೆ 'ನಿನ್ನನ್ನೆಂದೂ ಮರೆಯೆವು'! ಕಿರುಚಾಟ ಮಾರುಕಟ್ಟೆವರೆಗೂ ಕೇಳಿಸಿತಂತೆ. ಬಳ್ಳಿಯ ಸುರುಳಿಯಲ್ಲಿ 'ಅಗಲಿದವರಿಗೆ' ಅನ್ನುವುದನ್ನು ಓದಲಾಗದೆ ಮದುವೆ ಹೂವಿನ ಅಂಗಡಿ ಅಂದುಕೊಂಡಿದ್ದರಂತೆ. ಅಕ್ಕ ನನಗೆ ಫೋನ್ ಮಾಡಿ, "ಬಾರೋ ಇಲ್ಲಿ, ನಿನ್ನ ಬಳ್ಳಿ ನನ್ನ ಕುತ್ತಿಗೆಗೆ ಸುತ್ಕೊಂಡಿದೆ!" ಅಂದಳು. ನಾಚಿಕೆ ನುಂಗಿಕೊಂಡು ಗರಗಸ, ಇಕ್ಕಳ ಹಿಡಿದುಕೊಂಡು ಹೋದೆ. ಆರೂ ಚಕ್ರಗಳ ಕಬ್ಬಿಣದ ಬಳೆ ಕತ್ತರಿಸಿ, ನೆಟ್ಟಗೆ ಮಾಡಿ, ಒಂದಕ್ಕೊಂದು ತಂತಿಯಿಂದ ಬಿಗಿದು ಕಮಾನು ಬಗ್ಗಿಸಿದೆ. ಲೇತ್ ಬಿಟ್ಟ ಮೇಲೆ ಮೊದಲ ಸಲ ನನ್ನ ಕೈಗೆ ತನ್ನ ಕಸುಬು ನೆನಪಾಯಿತು. ಅಕ್ಕ ಅದಕ್ಕೆ ಅವೇ ಹೂಗಳನ್ನು ಕಟ್ಟುತ್ತಾ, "ಸತ್ತೋರು ಒಬ್ರೂ ಇದುವರೆಗೆ ದೂರು ಹೇಳಿಲ್ಲ, ಬದುಕಿರೋರ ಸಹವಾಸವೇ ಬೇಡಪ್ಪಾ" ಅಂತ ಗೊಣಗಿದಳು. ಆದರೆ ಶನಿವಾರ ಮದುಮಗಳು ಕಮಾನಿನ ಕೆಳಗೆ ನಿಂತಾಗ ಎದುರಿನ ಕಟ್ಟೆಯ ಮೇಲೆ ಕೂತು ಮೂಗು ಒರೆಸಿಕೊಂಡಳು. "ಇಪ್ಪತ್ತು ವರ್ಷದಲ್ಲಿ ನನ್ನ ಹೂವಿನ ಕೆಳಗೆ ಒಬ್ರು ನಗ್ತಾ ನಿಂತಿದ್ದು ಇದೇ ಮೊದಲು ಕಣೋ."

ಸೋಮವಾರ ಇಲಿಂಕಾಗೆ ಎಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, "ಮಾವ, ಆ ಪುಟ ಓದೋರು ಯಾರು, ಎಂಥಾ ಹೊತ್ತಲ್ಲಿ ಓದ್ತಾರೆ? ಅಳ್ತಾ ಓದೋರು ಬಳ್ಳಿ ಬಿಡಿಸ್ತಾ ಕೂರೋಕಾಗುತ್ತಾ?" ಅಂದಳು. ಸ್ಮರಾಂದಾ, ಅದು ನನಗೆ ನಾಟಿತು. ನನ್ನ ಅಮ್ಮ ಹೋದ ದಿನ ನಾವಿಬ್ಬರೂ ಆಸ್ಪತ್ರೆಯ ಒಂದು ಚೀಟಿಯನ್ನೂ ಓದಲಾರದೆ ಕೂತಿದ್ದೆವಲ್ಲ. ಅಂಗಡಿಯ ಹೆಸರನ್ನು ಪಾದವಿರುವ ಅಕ್ಷರಕ್ಕೆ ಬದಲಾಯಿಸಿದೆ, ಉಳಿದದ್ದನ್ನೆಲ್ಲ ಬೋಳು ಅಕ್ಷರಕ್ಕೆ, ನಮ್ಮ 'ಶ' ಇರುವುದನ್ನೇ ಹುಡುಕಿ. ಪಕ್ಕದ ಮನೆಯ ಗಾವ್ರಿಲ್ ತಾತನಿಗೆ ತೋರಿಸಿದೆ. ಕನ್ನಡಕವಿಲ್ಲದೆ ಫೋನ್ ನಂಬರಿನವರೆಗೂ ಓದಿ, ಟೋಪಿ ತೆಗೆದು, "ಯಾರಪ್ಪಾ ಹೋಗಿದ್ದು?" ಅಂತ ಕೇಳಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ?

ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೈಮನಸ್ಸನ್ನು ದೇವರ ತಾಯಿ ಕಾಯಲಿ.

ನಿನ್ನವನೇ ಆದ,
ತ್ರಯಾನ್

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ನವೆಂಬರ್ ಒಂದರಿಂದ ಇಲಿಂಕಾ ಕೆಲಸ ಮಾಡುವ ವೆಬ್‌ಸೈಟ್ ಕಚೇರಿಯಲ್ಲಿ ನನಗೂ ಕೆಲಸ, ನಿನ್ನೆ ರುಜು ಹಾಕಿದೆ. ಸಂಬಳ ನಿನ್ನದಕ್ಕಿಂತ ಕಮ್ಮಿ, ಆದರೆ ಇಬ್ಬರಿಗೆ ಸಾಕು. ಅಜ್ಜಿಯ ಮಗಳಿಗೆ ಈಗಲೇ ಹೇಳಿಬಿಡು, ಬೇರೆಯವರನ್ನು ಹುಡುಕಲು ಅವರಿಗೂ ದಿನ ಬೇಕು. ನೀನು ಊರಿಗೆ ಬರಲು ಈ ತಿಂಗಳು ಇಪ್ಪತ್ತೇಳನೇ ತಾರೀಕಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಿಟ್ಟಿದ್ದೇನೆ. ಕೇಳದೆ ಮಾಡಿದೆ ಅಂತ ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಬಂದು ಬೈ.